ಓದುಗರ ಪ್ರಶ್ನೆ: ನಿನ್ನೆ ತೆರೆದ ಫೈಲ್ ಇವತ್ತಿನ ಗೆಸ್ಟ್‌ಗೆ ಕಾಣಬೇಕಾ?

ಪ್ರಶ್ನೆ: ನಮ್ಮದು ಮಡಿಕೇರಿ ಹತ್ತಿರ ಹೋಂಸ್ಟೇ, ಜೊತೆಗೆ ಒಂದಿಷ್ಟು ಕಾಫಿ ತೋಟ. ಎರಡಕ್ಕೂ ಒಂದೇ ಕಂಪ್ಯೂಟರ್, ವಿಂಡೋಸ್ 11. ಮೊನ್ನೆ ಗೆಸ್ಟ್ ಒಬ್ಬರು ಬಸ್ ಟಿಕೆಟ್ ಪ್ರಿಂಟ್ ತೆಗೆಯಲು ಪೆನ್‌ಡ್ರೈವ್ ಹಾಕಿ ಫೈಲ್ ಎಕ್ಸ್‌ಪ್ಲೋರರ್ ತೆರೆದರು. ಮೊದಲಿಗೇ ಹಿಂದಿನ ವಾರ ಬಂದವರ ಆಧಾರ್ ಕಾಪಿ, ತೋಟದ ಕೂಲಿ ಲೆಕ್ಕ, ಬ್ಯಾಂಕ್ ಸಾಲದ ಕಾಗದ ಎಲ್ಲ ಹೆಸರು ಸಮೇತ ಸಾಲಾಗಿ ಕಂಡವು. ನನಗೆ ಮುಜುಗರ. ಆ ಪಟ್ಟಿ ಅಳಿಸೋಣ ಅಂದರೆ ಫೈಲೇ ಹೋದೀತು ಅಂತ ಭಯ. ಏನು ಮಾಡಲಿ?

ಉತ್ತರ: ನಿಮ್ಮ ಭಯ ಸರಿಯಾಗಿಯೇ ಇದೆ. ಆ ಪಟ್ಟಿಯಲ್ಲಿ ರೈಟ್ ಕ್ಲಿಕ್ ಮಾಡಿ ಡಿಲೀಟ್ ಕೊಟ್ಟರೆ ನಿಜವಾದ ಫೈಲೇ ರೀಸೈಕಲ್ ಬಿನ್ ಸೇರುತ್ತದೆ. ಹೆಸರು ಮಾತ್ರ ಹೋಗಬೇಕಾದರೆ ‘ರಿಮೂವ್ ಫ್ರಮ್ ರೀಸೆಂಟ್’ ಒತ್ತಿ.

ಒಂದೊಂದಾಗಿ ತೆಗೆಯುತ್ತಾ ಕೂರುವ ಬದಲು ಎಕ್ಸ್‌ಪ್ಲೋರರ್ ಮೇಲ್ಗಡೆಯ ಮೂರು ಚುಕ್ಕಿ ಒತ್ತಿ ಆಪ್ಶನ್ಸ್‌ಗೆ ಹೋಗಿ. ಜನರಲ್ ಟ್ಯಾಬ್‌ನ ಕೆಳಗೆ ಪ್ರೈವಸಿ ಅಂತ ಒಂದು ಭಾಗ ಇದೆ. ಅಲ್ಲಿ ಕ್ಲಿಯರ್ ಒತ್ತಿದರೆ ಪಟ್ಟಿ ಖಾಲಿ, ಫೈಲ್‌ಗಳಿಗೆ ಏನೂ ಆಗಲ್ಲ. ಆದರೆ ಕ್ಲಿಯರ್ ಒತ್ತಿ ಸುಮ್ನೆ ಬಂದುಬಿಟ್ಟರೆ ನಾಳೆ ಕೂಲಿ ಲೆಕ್ಕ ತೆರೆದ ತಕ್ಷಣ ಅದು ಮತ್ತೆ ಅಲ್ಲೇ ಬಂದು ಕೂರುತ್ತದೆ. ಹಾಗಾಗಿ ಇತ್ತೀಚಿನ ಫೈಲ್, ಪದೇ ಪದೇ ತೆರೆಯುವ ಫೋಲ್ಡರ್ ತೋರಿಸುವ ಟಿಕ್‌ಗಳನ್ನೂ ತೆಗೆಯಿರಿ. ಅದೇ ಕಿಟಕಿಯ ಮೇಲ್ಭಾಗದಲ್ಲಿ ಎಕ್ಸ್‌ಪ್ಲೋರರ್ ಎಲ್ಲಿಂದ ತೆರೆಯಬೇಕು ಎಂದು ಕೇಳುವಲ್ಲಿ ‘ದಿಸ್ ಪಿಸಿ’ ಆರಿಸಿ.

ಇಷ್ಟಕ್ಕೇ ಮುಗಿಯಲಿಲ್ಲ. ಟಾಸ್ಕ್‌ಬಾರ್‌ನ ಎಕ್ಸೆಲ್ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ನೋಡಿ, ಅದೇ ಲೆಕ್ಕದ ಹೆಸರುಗಳು ಅಲ್ಲೂ ಇರುತ್ತವೆ. ಇದನ್ನು ನಿಲ್ಲಿಸಲು ಸೆಟ್ಟಿಂಗ್ಸ್, ಪರ್ಸನಲೈಸೇಶನ್, ಸ್ಟಾರ್ಟ್ ಅಂತ ಹೋಗಿ, ಜಂಪ್ ಲಿಸ್ಟ್ ಎಂಬ ಮಾತಿರುವ ಸ್ವಿಚ್ ಆಫ್ ಮಾಡಿ. ಇನ್ನು ಎಕ್ಸೆಲ್, ವರ್ಡ್ ಒಳಗಡೆ ಅವುಗಳದ್ದೇ ಬೇರೆ ಪಟ್ಟಿ. ಬ್ರೌಸರ್‌ನ ಡೌನ್‌ಲೋಡ್ ಪಟ್ಟಿಯೂ ಬೇರೆ. ಎಕ್ಸ್‌ಪ್ಲೋರರ್‌ನ ಕ್ಲಿಯರ್ ಬಟನ್ ಇವು ಯಾವುದನ್ನೂ ಮುಟ್ಟುವುದಿಲ್ಲ.

ನನ್ನನ್ನು ಕೇಳಿದರೆ, ಪಟ್ಟಿ ಅಳಿಸುವುದಕ್ಕಿಂತ ಗೆಸ್ಟ್‌ಗಳಿಗೇ ಬೇರೆ ಯೂಸರ್ ಅಕೌಂಟ್ ಮಾಡಿಡುವುದು ಎಷ್ಟೋ ವಾಸಿ. ಪಟ್ಟಿಯಲ್ಲಿ ಹೆಸರು ಇಲ್ಲ ಅಂದ ಮಾತ್ರಕ್ಕೆ ಫೈಲ್ ಅಡಗಿದೆ ಅಂತಲ್ಲ, ಫೋಲ್ಡರ್ ಹುಡುಕಿ ಹೋಗುವವರು ಹೋಗಿಯೇ ಹೋಗುತ್ತಾರೆ. ಅಕೌಂಟ್ ‘ಸ್ಟ್ಯಾಂಡರ್ಡ್’ ಆಗಿರಲಿ, ಅಡ್ಮಿನ್ ಬೇಡ. ನಿಮ್ಮ ಅಕೌಂಟ್‌ಗೆ ಪಾಸ್‌ವರ್ಡ್ ಇರಲಿ. ಆಗ ಅವರು ಏನು ತೆರೆದರೂ ನಿಮ್ಮ ಪಟ್ಟಿ ಅವರಿಗೆ ಕಾಣಲ್ಲ, ಅವರದ್ದು ನಿಮಗೆ ಕಾಣಲ್ಲ. ಇಲ್ಲೊಂದು ತೂತಿದೆ. ನಮ್ಮಲ್ಲಿ ಹೆಚ್ಚಿನವರು ಮುಖ್ಯ ಕಾಗದ ಎಲ್ಲ ಡಿ ಡ್ರೈವ್‌ನಲ್ಲಿ ತುಂಬುತ್ತಾರೆ, ಅಲ್ವಾ? ಡಿ ಡ್ರೈವ್ ಸಾಮಾನ್ಯವಾಗಿ ಆ ಕಂಪ್ಯೂಟರ್‌ನ ಎಲ್ಲ ಅಕೌಂಟ್‌ಗಳಿಗೂ ತೆರೆದೇ ಇರುತ್ತದೆ. ಆಧಾರ್ ಕಾಪಿ, ಕೂಲಿ ಲೆಕ್ಕ ಎಲ್ಲವನ್ನೂ ನಿಮ್ಮ ಅಕೌಂಟ್‌ನ ಡಾಕ್ಯುಮೆಂಟ್ಸ್ ಒಳಗೆ ಸರಿಸಿ. ಎದ್ದು ಅಡುಗೆಮನೆಗೆ ಹೋಗುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿ, ಸ್ಕ್ರೀನ್ ಲಾಕ್ ಆಗುತ್ತದೆ.

ಹಾಗೇ ಗೆಸ್ಟ್‌ಗಳಿಂದ ಮಾಸ್ಕ್ಡ್ ಆಧಾರ್ ಕೇಳಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ, ಮೊದಲ 8 ಮುಚ್ಚಿರುತ್ತದೆ.

ಪ್ರಶ್ನೆ: ನನ್ನ ಆಂಡ್ರಾಯ್ಡ್ ಫೋನ್‌ನಲ್ಲಿ ಗೂಗಲ್‌ನ ಫೈಲ್ಸ್ ಆ್ಯಪ್ ಇದೆ. ಮಕ್ಕಳು ಫೋನ್ ತೆಗೆದುಕೊಂಡರೆ ಜಾಗದ ಕಾಗದಪತ್ರ, ಪಾಸ್‌ಬುಕ್ ಫೋಟೊ ಎಲ್ಲ ಸಿಗುತ್ತವೆ. ಚುಕ್ಕಿ ಹಾಕಿದ ಫೋಲ್ಡರ್ ಮಾಡಿದರೆ ಸಾಕಾ? — ಓದುಗರು, ಗೋಣಿಕೊಪ್ಪಲು

ಉತ್ತರ: ಸಾಲದು. ಹೆಸರಿನ ಮುಂದೆ ಚುಕ್ಕಿ ಹಾಕಿದರೆ ಗ್ಯಾಲರಿಯಲ್ಲಿ ಕಾಣಲ್ಲ, ಅಷ್ಟೇ. ಫೈಲ್ ಮ್ಯಾನೇಜರ್‌ನಲ್ಲಿ ಹಿಡನ್ ಫೈಲ್ ತೋರಿಸು ಅಂದರೆ ಎಲ್ಲ ಹೊರಗೆ ಬರುತ್ತದೆ, ಮಕ್ಕಳಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು. ಅದೇ ಆ್ಯಪ್‌ನಲ್ಲಿ ಸೇಫ್ ಫೋಲ್ಡರ್ ಇದೆ, ಪಿನ್ ಹಾಕಿ ಅದರೊಳಗೆ ಸರಿಸಿ. ಪಿನ್ ಮರೆತರೆ ಮಾತ್ರ ಒಳಗಿದ್ದದ್ದು ವಾಪಸ್ ಸಿಗಲ್ಲ, ಅದಕ್ಕೆ ಇನ್ನೊಂದು ಪ್ರತಿ ಬೇರೆ ಕಡೆ ಇಡಿ. ‘ಹಿಸ್ಟರಿ ಕ್ಲೀನರ್’ ಅಂತ ಬರುವ ಆ್ಯಪ್‌ಗಳನ್ನು ಹಾಕಲೇಬೇಡಿ. ನಿಮ್ಮ ಫೈಲೆಲ್ಲ ನೋಡುವ ಅನುಮತಿಯನ್ನು ಗೊತ್ತಿಲ್ಲದವರ ಕೈಗೆ ಕೊಟ್ಟ ಹಾಗಾಯಿತು.

ಪ್ರಶ್ನೆ: ವಿಂಡೋಸ್ ಬದಲು ಹಾಕಿಕೊಳ್ಳುವ ಉಬುಂಟುವಿನಲ್ಲೂ ತೆರೆದ ಫೈಲ್‌ಗಳನ್ನು ಹೀಗೆ ನೆನಪಿಟ್ಟುಕೊಳ್ಳುತ್ತದಾ? — ವಿದ್ಯಾರ್ಥಿ, ವಿರಾಜಪೇಟೆ

ಉತ್ತರ: ಹೌದು. ಯಾವ ಫೈಲ್, ಯಾವ ಹೊತ್ತಿಗೆ, ಯಾವ ಆ್ಯಪ್‌ನಲ್ಲಿ ತೆರೆದಿರಿ ಎಂಬುದು ಹೋಮ್ ಫೋಲ್ಡರ್ ಒಳಗಿನ ಒಂದು ಅಡಗಿದ ಫೈಲ್‌ನಲ್ಲಿ ಮಾಮೂಲಿ ಅಕ್ಷರದಲ್ಲೇ ಬರೆದಿರುತ್ತದೆ, ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ಓದಬಹುದು. ಸೆಟ್ಟಿಂಗ್ಸ್‌ನ ಪ್ರೈವಸಿಯಲ್ಲಿ ಫೈಲ್ ಹಿಸ್ಟರಿ ಆಫ್ ಮಾಡಿ. ಪೂರ್ತಿ ಆಫ್ ಬೇಡವೆಂದರೆ 1 ದಿನಕ್ಕೆ ಇಳಿಸಿ. ಇನ್ನು ಫೋಟೊಗಳ ಪುಟ್ಟ ಚಿತ್ರಗಳು ಕ್ಯಾಶ್ (.cache) ಎಂಬ ಅಡಗಿದ ಫೋಲ್ಡರ್‌ನ ಥಂಬ್‌ನೇಲ್ಸ್‌ನಲ್ಲಿ ಉಳಿದಿರುತ್ತವೆ, ಮೂಲ ಫೋಟೊ ಅಳಿಸಿದ ಮೇಲೂ. ಆ ಫೋಲ್ಡರ್ ಖಾಲಿ ಮಾಡಿದರೆ ತೊಂದರೆ ಇಲ್ಲ, ಬೇಕಾದಾಗ ಉಬುಂಟು ಮತ್ತೆ ಮಾಡಿಕೊಳ್ಳುತ್ತದೆ.