ಮಗನ ತಲೆಯ ಮೇಲೆ ಕೈಯಿಟ್ಟು ಏನು ಹೇಳಲಿ?

ಪ್ರಶ್ನೆ: ನಾನು ಕಾರವಾರದ ಬೈತಕೋಲ್ ಬಂದರಿನಲ್ಲಿ ದುಡಿಯುವವನು, ವಯಸ್ಸು 51. ಮಗ ಪಿಯುಸಿಯಲ್ಲಿ ಫೇಲಾದಾಗ ಸಿಟ್ಟಿನಲ್ಲಿ ‘ನೀನು ಈ ಜನ್ಮದಲ್ಲಿ ಉದ್ಧಾರ ಆಗೋದಿಲ್ಲ’ ಅಂದುಬಿಟ್ಟೆ. ಅವತ್ತಿನಿಂದ ರಾತ್ರಿ ತೆರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿದ ಮೇಲೆ ತಾಯಿಯ ಹತ್ತಿರ ಮಾತ್ರ ಬೆಸಾಂವ್ (ಆಶೀರ್ವಾದ) ಕೇಳಿ ಎದ್ದುಹೋಗುತ್ತಾನೆ. ಮುಂದಿನ ತಿಂಗಳು ಕೆಲಸಕ್ಕೆ ಗೋವಾದ ವಾಸ್ಕೋಗೆ ಹೊರಟಿದ್ದಾನೆ. ಆಶೀರ್ವಾದ ಮಾಡಿ ಕಳಿಸಿ ಎನ್ನುತ್ತಾಳೆ ಹೆಂಡತಿ. ಅದು ಫಾದರ್ ಮಾಡುವ ಕೆಲಸವಲ್ಲವೇ? ನನ್ನ ಮಾತು ಅವನಿಗೆ ಶಾಪವಾಗಿ ತಟ್ಟೀತೇ?

ಉತ್ತರ: ಸಹೋದರರೇ, ಕಾರಣವಿಲ್ಲದ ಶಾಪ ಹಾರಾಡುವ ಗುಬ್ಬಿಯ ಹಾಗೆ, ತಟ್ಟುವುದಿಲ್ಲ ಎನ್ನುತ್ತದೆ ಬೈಬಲಿನ ಜ್ಞಾನೋಕ್ತಿ 26:2. ನಿಮ್ಮ ಸಿಟ್ಟಿನ ಮಾತಿಗೆ ಮಂತ್ರಶಕ್ತಿಯಿಲ್ಲ, ಆ ಭಯ ಬಿಡಿ. ಆದರೆ ಗಾಯವಂತೂ ಆಗಿದೆ. ಅಪ್ಪನ ಬಾಯಿಂದ ಬಂದ ತೀರ್ಪನ್ನು ಆ ವಯಸ್ಸಿನ ಹುಡುಗ ನಂಬಿಬಿಡುತ್ತಾನೆ. ನಾಳೆ ವಾಸ್ಕೋದಲ್ಲಿ ಏನೇ ಎಡವಟ್ಟಾದರೂ ‘ಅಪ್ಪ ಮೊದಲೇ ಹೇಳಿದ್ದರು’ ಅಂದುಕೊಳ್ಳುತ್ತಾನೆ. ಒಂದೇ ಬಾಯಿಂದ ಸ್ತುತಿಯೂ ಶಾಪವೂ ಹೊರಡಬಾರದು ಎಂದು ಯಾಕೋಬನ ಪತ್ರ (3:10) ಎಚ್ಚರಿಸುವುದು ಇಂಥ ಮಾತಿನ ಬಗ್ಗೆಯೇ.

ಇನ್ನು ಫಾದರ್ ವಿಷಯ. ಪೂಜೆಯಲ್ಲಿ ಆಶೀರ್ವದಿಸುವುದು ಅವರ ಕೆಲಸ, ಮನೆಯಲ್ಲಿ ನಿಮ್ಮದು. ಜ್ಞಾನಸ್ನಾನ (ಬ್ಯಾಪ್ಟಿಸಂ) ಪಡೆದ ಪ್ರತಿಯೊಬ್ಬರಿಗೂ ಆಶೀರ್ವದಿಸುವ ಕರೆಯಿದೆ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥದ 1669ನೇ ಪರಿಚ್ಛೇದ ಸ್ಪಷ್ಟವಾಗಿ ಹೇಳುತ್ತದೆ. ಈ ಮಗನ ಜ್ಞಾನಸ್ನಾನದ ದಿನವನ್ನು ನೆನಪಿಸಿಕೊಳ್ಳಿ. ಗುರುಗಳು ಮಗುವಿನ ಹಣೆಯ ಮೇಲೆ ಶಿಲುಬೆ ಗುರುತು ಹಾಕಿದ ಮೇಲೆ ತಂದೆತಾಯಿಗೂ ಹಾಗೇ ಹಾಕಲು ಹೇಳುತ್ತಾರೆ.

ಅವನು ಹೊರಡುವ ದಿನಕ್ಕೆ ಕಾಯಬೇಡಿ. ಸ್ಟೇಷನ್ನಿನ ಗಡಿಬಿಡಿಯಲ್ಲಿ, ನೆಂಟರ ಮುಂದೆ ಮಾಡಿದರೆ ಅದು ಅವನಿಗೆ ಬರೀ ಶಾಸ್ತ್ರವಾಗಿ ಕಾಣುತ್ತದೆ. ಈ ವಾರವೇ, ಇಬ್ಬರೇ ಇದ್ದಾಗ, ಮೊದಲು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಯಾವ ಮಾತು ಎಂದು ಹೆಸರಿಟ್ಟು ಹೇಳಬೇಕು: ‘ನೀನು ಉದ್ಧಾರ ಆಗೋದಿಲ್ಲ ಅಂದಿದ್ದೆ. ಅದು ಸುಳ್ಳು, ನಂದು ತಪ್ಪು. ಕ್ಷಮಿಸು.’ ಇಷ್ಟೇ ಸಾಕು. ‘ನೀನೂ ಸರಿಯಾಗಿ ಓದಿದ್ದರೆ...’ ಎಂದು ಸೇರಿಸಿದಿರೋ, ಅಲ್ಲಿಗೆ ಮುಗಿಯಿತು. ಅವನು ಸುಮ್ಮನೆ ಎದ್ದುಹೋದರೆ ಹೋಗಲಿ, ಉತ್ತರಕ್ಕಾಗಿ ಪೀಡಿಸಬೇಡಿ.

ಎರಡು ಮೂರು ದಿನ ಕಳೆದು, ತೆರ್ಸ್ ಮುಗಿದ ಮೇಲೆ ‘ಬೆಸಾಂವ್ ಕೊಡಲಾ?’ ಎಂದು ನೀವೇ ಕೇಳಿ. ಚಿಕ್ಕವರೇ ಬಂದು ಕೇಳಬೇಕೆಂಬ ರೂಢಿ ಗೊತ್ತು, ಆದರೆ ಇಲ್ಲಿ ಹಿರಿಯರೇ ಮುಂದಾಗಬೇಕು. ಯೇಸು ಮಕ್ಕಳನ್ನು ಅಪ್ಪಿಕೊಂಡು, ಕೈಯಿಟ್ಟು ಆಶೀರ್ವದಿಸಿದರು (ಮಾರ್ಕ 10:16). ಮಗ ಒಪ್ಪಿದರೆ ತಲೆಯ ಮೇಲೆ ಕೈಯಿಡಿ, ಹಣೆಗೆ ಹೆಬ್ಬೆರಳಿನಿಂದ ಶಿಲುಬೆ ಗುರುತು ಹಾಕಿ. ಮಾತು ಅರ್ಧ ನಿಮಿಷ ಮೀರಬಾರದು.

ಬಾಯಿಗೆ ಮಾತು ಬಾರದಿದ್ದರೆ ಬೈಬಲಿನ ಅರಣ್ಯಕಾಂಡ 6:24–26ನ್ನು ಕಂಠಪಾಠ ಮಾಡಿಕೊಳ್ಳಿ. ಯಾಜಕ ಆರೋನ ಮತ್ತವನ ಮಕ್ಕಳಿಗೆ ದೇವರೇ ಕಲಿಸಿಕೊಟ್ಟ ಮೂರು ಸಾಲು ಅವು. ಕಾವಲು, ಕೃಪೆ, ಶಾಂತಿ ಮೂರೂ ಅದರಲ್ಲಿವೆ. 1979ರಲ್ಲಿ ಜೆರುಸಲೇಮಿನ ಹಳೆಯ ಸಮಾಧಿಯೊಂದರಲ್ಲಿ ಸಿಕ್ಕ, ಸುಮಾರು 2,600 ವರ್ಷ ಹಿಂದಿನ ಪುಟ್ಟ ಬೆಳ್ಳಿ ಸುರುಳಿಗಳ ಮೇಲೂ ಈ ಆಶೀರ್ವಾದದ ಸಾಲುಗಳಿವೆ. ಅಷ್ಟು ಕಾಲದಿಂದ ಜನ ಇದನ್ನು ಜೋಪಾನ ಮಾಡಿದ್ದಾರೆ. ಆ ಮೇಲೆ ನಿಮ್ಮದೊಂದು ವಾಕ್ಯ ಸೇರಿಸಿ, ಅದು ಅವನಲ್ಲಿ ನೀವು ಕಣ್ಣಾರೆ ಕಂಡ ಗುಣದ ಬಗ್ಗೆ ಇರಲಿ: ‘ಅಜ್ಜಿ ಹಾಸಿಗೆ ಹಿಡಿದಾಗ ನೀನು ನೋಡಿಕೊಂಡೆ. ಆ ಮನಸ್ಸನ್ನು ದೇವರು ನಿನ್ನಲ್ಲಿ ಬೆಳೆಸಲಿ.’ ಇಲ್ಲದ ಹೊಗಳಿಕೆ ಬೇಡ, ಮಕ್ಕಳಿಗೆ ಅದು ತಕ್ಷಣ ತಿಳಿಯುತ್ತದೆ.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ‘ದೇವರು ನಿನಗೆ ಬುದ್ಧಿ ಕೊಡಲಿ, ಕುಡಿಯುವವರ ಸಹವಾಸ ಬಿಡಿಸಲಿ’ ಎನ್ನುತ್ತಾರೆ. ಅದು ಆಶೀರ್ವಾದದ ಹೆಸರಲ್ಲಿ ಬೈಗುಳ. ‘ದೊಡ್ಡ ಸಂಬಳ ಸಿಕ್ಕೇ ಸಿಗುತ್ತದೆ’ ಎಂದು ದೇವರ ಪರವಾಗಿ ಭರವಸೆ ಕೊಡುವುದೂ ತಪ್ಪು. ಆಶೀರ್ವಾದವೆಂದರೆ ದೇವರಲ್ಲಿ ಬೇಡಿಕೊಳ್ಳುವುದು, ಅವರಿಗೆ ಆಜ್ಞೆ ಮಾಡುವುದಲ್ಲ.

ಅವನು ಬೇಡವೆಂದರೆ ಬಲವಂತ ಬೇಡ. ಅವನು ಮಲಗಿದ ಮೇಲೆ ಬಾಗಿಲ ಬಳಿ ನಿಂತು ಅದೇ ಮೂರು ಸಾಲು ಹೇಳಿ, ಕೆಲವು ದಿನ ಬಿಟ್ಟು ಮತ್ತೊಮ್ಮೆ ಕೇಳಿ. ವಾಸ್ಕೋಗೆ ಹೋದ ಮೇಲೆ ವಾರಕ್ಕೊಮ್ಮೆ ನೀವೇ ಫೋನ್ ಮಾಡಿ. ಬೆಸಾಂವ್ ಮೊದಲು ಹೇಳಿ. ಸಂಬಳ, ಖರ್ಚಿನ ವಿಚಾರಣೆಯನ್ನು ಆ ಕರೆಯಲ್ಲಿ ತರಬೇಡಿ, ಅದಕ್ಕೆ ಬೇರೆ ದಿನ ಮಾಡಿ.