ಪರಲೋಕದ ಆಸೆಯಿಲ್ಲದೆ ಒಳ್ಳೆಯತನ ಉಳಿಯುವುದೇ?

ಸತ್ತ ಮೇಲೆ ಏನೂ ಇಲ್ಲವೆಂದಾದರೆ ಒಳ್ಳೆಯವನಾಗಿ ಬದುಕಲು ಕಾರಣವೇನೆಂದು ತಾವು ಕೇಳಿದ್ದೀರಿ. ನಾನು ಚಿತ್ರದುರ್ಗದವನಾದ್ದರಿಂದ ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಿಂದಲೇ ಉತ್ತರ ಆರಂಭಿಸುತ್ತೇನೆ. ಅಲ್ಲಿನ ಬಂಡೆಯ ಮೇಲಿರುವ ಅಶೋಕನ ಶಾಸನವು, ದೊಡ್ಡವರಷ್ಟೇ ಅಲ್ಲ, ಸಾಮಾನ್ಯನೂ ಶ್ರಮಿಸಿದರೆ ಸ್ವರ್ಗವನ್ನು ಪಡೆಯಬಲ್ಲನೆಂದು ಆಸೆ ತೋರಿಸುತ್ತದೆ. ಆದರೆ ಮಾಡಬೇಕಾದ್ದೇನೆಂದು ತಿಳಿಸುವಾಗ ತಂದೆತಾಯಿಯರ ಮಾತು ಕೇಳುವುದು, ಜೀವಿಗಳಲ್ಲಿ ದಯೆ, ಸತ್ಯ ನುಡಿಯುವುದು, ಗುರುವಿಗೆ ಗೌರವ ಎನ್ನುತ್ತದೆ. ಸ್ವರ್ಗದ ಸಾಲನ್ನು ಬಿಟ್ಟು ಓದಿದರೂ ಇವುಗಳಲ್ಲಿ ಯಾವುದೂ ಬಿದ್ದುಹೋಗುವುದಿಲ್ಲ.

ಅದೇ ಬೆಟ್ಟದ ತಪ್ಪಲಿನಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಉತ್ಖನನ ಮಾಡಿಸಿದ ಬೃಹತ್ ಶಿಲಾ ಸಮಾಧಿಗಳಲ್ಲಿ, ಕಲ್ಲುಚಪ್ಪಡಿಗಳ ಪೆಟ್ಟಿಗೆಯೊಳಗೆ, ಮೂಳೆಗಳ ಜೊತೆ ಮಡಕೆಗಳೂ ಕಬ್ಬಿಣದ ಉಪಕರಣಗಳೂ ದೊರೆತವು. ಅವನ್ನು ಇಟ್ಟದ್ದು ಸತ್ತವನ ಮುಂದಿನ ಪಯಣಕ್ಕೋ, ಉಳಿದವರ ಸಮಾಧಾನಕ್ಕೋ? ನನಗೆ ಎರಡನೆಯದೂ ಅಷ್ಟೇ ನಿಜವೆನಿಸುತ್ತದೆ. (ನಮ್ಮಜ್ಜಿ ತೀರಿಕೊಂಡಾಗ ಎಡೆಯಲ್ಲಿ ಎಲೆಯಡಿಕೆಯ ಪಕ್ಕ ಅವರ ಸುಣ್ಣದ ಡಬ್ಬಿಯನ್ನು ಮರೆಯದೆ ಇಟ್ಟವರು, ಯಾವುದನ್ನೂ ನಂಬದ ನಮ್ಮ ಚಿಕ್ಕಪ್ಪ.)

ಬಸವಣ್ಣನವರು ಈ ಲೋಕವನ್ನು ಕರ್ತಾರನ ಕಮ್ಮಟವೆಂದು ಕರೆದು, ಇಲ್ಲಿ ಸಲ್ಲದವರು ಅಲ್ಲಿಯೂ ಸಲ್ಲರೆಂದರು. ಕಮ್ಮಟವೆಂದರೆ ನಾಣ್ಯ ಅಚ್ಚು ಹಾಕುವ ಜಾಗ; ಅಂದರೆ ಪರೀಕ್ಷೆ ನಡೆಯುವುದು ಇಲ್ಲಿಯೇ. ಆದುದರಿಂದ ಪರಲೋಕವನ್ನು ನಂಬುವವರೊಡನೆ ನನಗೆ ಜಗಳವಿಲ್ಲ. ಇಲ್ಲಿ ಕೊಡಬೇಕಾದ ಕೂಲಿಯನ್ನು ಅಲ್ಲಿಗೆ ಮುಂದೂಡುವವರೊಡನೆ ಮಾತ್ರ ಇದೆ.