ನೂರಾ ಆರರ ತತ್ತ್ವಜ್ಞಾನಿ

ಪ್ರಶ್ನೆ: ರೊಮೇನಿಯಾದ ತತ್ತ್ವಜ್ಞಾನಿ ಮಿಹಾಯ್ ಶೋರಾ ನೂರು ದಾಟಿ ಬದುಕಿದರಂತೆ. ರಾಜಕೀಯ ಅವರನ್ನು ನೆಮ್ಮದಿಯಾಗಿ ಇರಲು ಬಿಟ್ಟಿತೇ?

ಉತ್ತರ: ಬಿಡುವುದೆಲ್ಲಿ ಬಂತು! 1916ರಲ್ಲಿ ಅವರು ಹುಟ್ಟಿದ ಇಯಾನೋವಾ ಗ್ರಾಮ ಆಸ್ಟ್ರಿಯಾ-ಹಂಗೇರಿಯಲ್ಲಿತ್ತು. ಊರು ಕದಲದೆಯೇ ದೇಶ ಬದಲಾಯಿತು. ಮಹಾಯುದ್ಧದಲ್ಲಿ ಫ್ರಾನ್ಸಿನ ನಾಜಿವಿರೋಧಿ ಭೂಗತ ಹೋರಾಟ ಸೇರಿದರು. 1947ರಲ್ಲಿ ಶೋರಾ ಅವರ ಮೊದಲ ಪುಸ್ತಕವನ್ನು ಪ್ಯಾರಿಸ್‌ನ ಗಾಲಿಮಾರ್ ಪ್ರಕಾಶನ ಸಂಸ್ಥೆ ಪ್ರಕಟಿಸಿತು. ಮರುವರ್ಷ ತಾಯ್ನಾಡಿಗೆ ಬಂದವರನ್ನು ಕಮ್ಯುನಿಸ್ಟ್ ಸರ್ಕಾರ ಹಿಂದಿರುಗಲು ಬಿಡಲಿಲ್ಲ. ಎರಡನೆಯ ಪುಸ್ತಕ ಬಂದದ್ದು 1978ರಲ್ಲಿ! (ನಮ್ಮ ಲೇಖಕರು ಮೂವತ್ತೊಂದು ದಿನವೂ ತಡೆಯಲಾರರು.) ಕಮ್ಯುನಿಸ್ಟ್ ಆಡಳಿತವನ್ನು ಉರುಳಿಸಿದ 1989ರ ಕ್ರಾಂತಿಯ ಬಳಿಕ ಶಿಕ್ಷಣ ಸಚಿವರಾದರು, 1990ರ ಜೂನ್‌ನಲ್ಲಿ ಗಣಿ ಕಾರ್ಮಿಕರು ರಾಜಧಾನಿ ಬುಕಾರೆಸ್ಟ್‌ಗೆ ನುಗ್ಗಿ ಪ್ರತಿಭಟನಕಾರರನ್ನು ಥಳಿಸಿದ್ದನ್ನು ಖಂಡಿಸಿದರು. ಅದೇ ತಿಂಗಳು ಸಚಿವಗಿರಿ ಮುಗಿಯಿತು. ನೂರು ತುಂಬಿದ ಮೇಲೂ ಭ್ರಷ್ಟಾಚಾರ ವಿರೋಧಿಸಿ ಅದೇ ನಗರದ ಬೀದಿಗಿಳಿದ ಈ ಹಿರಿಯರು 2023ರಲ್ಲಿ ತೀರಿಕೊಂಡರು.